ಬಾಗಿಲಕ್ಕನ ಬೆಳಗಿನ ತಾಲೀಮು

ಬೆಳಗಿನ ಆರು ಗಂಟೆ. ವಿಶ್ವವಿದ್ಯಾಲಯದ ಅಂಗಳದ ದೀಪಗಳು ಇನ್ನೂ ಆರಿಲ್ಲ, ಮಂಜು ಮೆಟ್ಟಿಲ ತನಕ ಬಂದು ನಿಂತಿದೆ. ಎರಡನೇ ಮಹಡಿಯ ದೊಡ್ಡ ತರಗತಿಯಲ್ಲಿ ಏಳು ಜನ ಹೊಸ ವಿದ್ಯಾರ್ಥಿಗಳು ಅರೆನಿದ್ದೆಯಲ್ಲಿ ತೂಕಡಿಸುತ್ತ ಕೂತಿದ್ದಾರೆ. ಬಾಗಿಲು ಕಿರ್ರೆನ್ನುತ್ತದೆ. ಒಳಗೆ ಬಂದ ಹುಡುಗಿ ಕಪ್ಪುಹಲಗೆಯ ಮುಂದೆ ಹಾದು ಮೂರನೇ ಸಾಲಿಗೆ ಹೋಗಿ ಕೂರಬೇಕು. ಅರ್ಧ ದಾರಿಯಲ್ಲೇ ಅವಳು ಬ್ಯಾಗನ್ನು ಎದೆಗೆ ಅವಚಿಕೊಂಡು ಹೊರಗೋಡುತ್ತಾಳೆ.

"ಪರವಾಗಿಲ್ಲ, ಇನ್ನೊಂದ್ ಸಲ ಬಾ," ಎನ್ನುತ್ತಾಳೆ ಮೇಷ್ಟ್ರ ಜಾಗದಲ್ಲಿ ನಿಂತವಳು. ಆಮೇಲೆ ಬೆಂಚಿನವರ ಕಡೆ ತಿರುಗುತ್ತಾಳೆ. "ನೀವ್ಯಾಕೆ ಮುಖ ಗಂಟು ಹಾಕ್ಕೊಂಡಿದೀರಾ? ಅವಳು ಬಂದ ತಕ್ಷಣ ನಗಿ. ಜೋರಾಗಿ ನಗಿ!"

ಇವಳು ಗಣಿತ ವಿಭಾಗದ ಕೊನೆಯ ವರ್ಷದ ವಿದ್ಯಾರ್ಥಿನಿ. ಹೊಸಬರಿಗೆ ಜೊತೆಗಾತಿಯಾಗಿರಲು ಒಪ್ಪಿಕೊಂಡವಳು. ಕಾಗದದಲ್ಲಿ ಇವಳ ಕೆಲಸಕ್ಕೆ ಉದ್ದನೆಯ ಹೆಸರಿದೆ; ಎಲ್ಲರ ಬಾಯಲ್ಲಿ ಮಾತ್ರ ಬಾಗಿಲಕ್ಕ. ವಾರಕ್ಕೆ ಮೂರು ಬೆಳಗು, ಈ ವರ್ಷ ಮೂವತ್ತೊಂದು ಮಂದಿ. ಕಸ ಗುಡಿಸುವ ಅಣ್ಣ ಇವಳಿಗಾಗಿ ಬೇಗ ಬಂದು ಬೀಗ ತೆಗೆಯುತ್ತಾರೆ. "ಪಾಠ ಮಾಡದ ಮೇಷ್ಟ್ರನ್ನ ಬೇಕಾದಷ್ಟು ನೋಡಿದೀನಿ. ಬಾಗಿಲು ದಾಟೋದನ್ನೇ ಪಾಠ ಮಾಡೋಳು ಇವಳೊಬ್ಬಳೇ," ಎಂದು ಕಾಲೆಳೆಯುತ್ತಾರೆ.

ಹೊರಗೋಡಿದ ಹುಡುಗಿ ಅರ್ಥಶಾಸ್ತ್ರಕ್ಕೆ ಸೇರಿದವಳು. ಮೊದಲ ದಿನ ದಾರಿ ತಪ್ಪಿ ಮಣ್ಣಿನ ವಿಜ್ಞಾನದ ತರಗತಿಯಲ್ಲಿ ಕೂತಳು. ಎದ್ದರೆ ಎಲ್ಲರೂ ನೋಡುತ್ತಾರಲ್ಲ ಎಂದು ಕೂತೇ ಇದ್ದಳು. ಮರುದಿನ ತನ್ನ ತರಗತಿಗೆ ಹೋಗಲು ಇನ್ನಷ್ಟು ನಾಚಿಕೆ. ಹೀಗೆ ಹನ್ನೆರಡು ದಿನ ಮುತ್ತಿನಂಥ ಅಕ್ಷರದಲ್ಲಿ ಮಣ್ಣಿನ ಟಿಪ್ಪಣಿ ಬರೆದಿದ್ದಾಳೆ. ಇವತ್ತು ಒಂಬತ್ತು ಗಂಟೆಯ ತನ್ನ ತರಗತಿಯಲ್ಲಿ ಮುಖ ತೋರಿಸದಿದ್ದರೆ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಾರೆ, ಒಂದು ವರ್ಷ ಹೋಗುತ್ತದೆ.

ಬಾಗಿಲಕ್ಕ ಈ ಪೆಟ್ಟನ್ನು ತಾನೇ ತಿಂದವಳು. "ನಾನು ಇಪ್ಪತ್ತಾರು ದಿನ ಸಸ್ಯಶಾಸ್ತ್ರ ಕೇಳ್ದೆ. ಬೇರಿನ ಬಗ್ಗೆ ಈಗ್ಲೂ ಕೇಳಿ, ಪಟಪಟ ಹೇಳ್ತೀನಿ," ಎಂದು ನಗುತ್ತಾಳೆ. ನಗು ಬೇಗ ಇಂಗುತ್ತದೆ. "ನನ್ನ ಕ್ಲಾಸಿನ ಬಾಗಿಲ ತನಕ ಹೋಗ್ತಿದ್ದೆ, ವಾಪಸ್ ಬರ್ತಿದ್ದೆ. ಯಾರ ಹತ್ರಾನೂ ಬಾಯಿ ಬಿಡ್ಲಿಲ್ಲ. ವರ್ಷ ಹೋಯ್ತು. ಅಪ್ಪ ಬಸ್ ಡ್ರೈವರ್. ರಜೆ ಹಾಕಿ ಬಂದ್ರು. ಬೈದಿದ್ರೆ ಹಗುರ ಆಗ್ತಿತ್ತು. 'ಯಾರನ್ನಾದ್ರೂ ಕೇಳ್ಬಾರ್ದಿತ್ತಾ ಮಗಳೇ' ಅಂದ್ರು, ಅಷ್ಟೇ."

ಆ ಮಾತನ್ನು ಅವಳು ಇಂದಿಗೂ ಮರೆತಿಲ್ಲ. ಅದಕ್ಕೇ ಈ ತಾಲೀಮು. "ಹೊಸಬರಿಗೆ ಪಾಠದ ಭಯ ಇರಲ್ಲ, ನಗ್ತಾರಲ್ಲಾ ಅನ್ನೋ ಭಯ. ಇಲ್ಲೇ ಹತ್ತು ಸಲ ನಗಿಸ್ಕೊಂಡ್ರೆ ಅಲ್ಲಿ ಅಷ್ಟು ಚುಚ್ಚಲ್ಲ."

ಎತ್ತರದ ಕಿಟಕಿಯಿಂದ ಬಿಸಿಲು ಇಳಿಯುತ್ತಿದೆ, ಅದರಲ್ಲಿ ಸೀಮೆಸುಣ್ಣದ ಪುಡಿ ಮೆಲ್ಲಗೆ ತೇಲುತ್ತಿದೆ. ಹುಡುಗಿ ಎಂಟನೇ ಸಲ ಒಳಗೆ ಬರುತ್ತಾಳೆ. ಕನಸಿನಲ್ಲಿ ನಡೆಯುವವಳ ಹಾಗೆ ಆ ಬೆಳಕನ್ನು ದಾಟಿ ಮೂರನೇ ಸಾಲಿನಲ್ಲಿ ಕೂರುತ್ತಾಳೆ. ಎಲ್ಲರೂ ಗೊಳ್ಳೆಂದು ನಗುತ್ತಾರೆ, ಈ ಸಲ ಅವಳಿಗೂ ನಗು ತಡೆಯಲಾಗುವುದಿಲ್ಲ.

ಒಂಬತ್ತು ಗಂಟೆ ಐದು ನಿಮಿಷ. ಅರ್ಥಶಾಸ್ತ್ರದ ಬಾಗಿಲು ಮುಚ್ಚಿದೆ. ಹುಡುಗಿಯ ಮುಖ ಬಿಳಿಚಿಕೊಂಡಿದೆ. ಬಾಗಿಲಕ್ಕ ಅವಳ ಕೈ ಹಿಡಿಯುವುದಿಲ್ಲ, ಜೊತೆಗೂ ಹೋಗುವುದಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ಉಗುರು ಕಚ್ಚುತ್ತಾಳೆ. ಹುಡುಗಿ ಬಾಗಿಲು ತಳ್ಳಿ ಒಳಗೆ ಹೋಗುತ್ತಾಳೆ.

"ಯಾರಮ್ಮಾ ನೀನು?" ಮೇಷ್ಟ್ರ ದನಿ.

"ಈ ಕ್ಲಾಸಿನವಳೇ ಸಾರ್. ಸ್ವಲ್ಪ ಲೇಟಾಯ್ತು."

"ಎಷ್ಟು?"

"ಹನ್ನೆರಡು ದಿನ ಸಾರ್."

ಒಳಗೆ ಚಾವಣಿ ಹಾರುವಷ್ಟು ನಗು. ಬಾಗಿಲಕ್ಕ ಉಸಿರು ಬಿಗಿಹಿಡಿದು ಕಾಯುತ್ತಾಳೆ. ಯಾರೂ ಹೊರಗೆ ಓಡಿ ಬರುವುದಿಲ್ಲ. ನಗು ಇಳಿಯುತ್ತದೆ, ಬೆಂಚು ಸರಿದ ಸದ್ದಾಗುತ್ತದೆ, ಪಾಠ ಮುಂದುವರಿಯುತ್ತದೆ.

ತನ್ನ ತರಗತಿಯೂ ಆಗಲೇ ಶುರುವಾಗಿರುವುದು ಬಾಗಿಲಕ್ಕನಿಗೆ ಗೊತ್ತು. ಆದರೂ ಗೋಡೆಗೊರಗಿ ಕಣ್ಣೊರೆಸಿಕೊಂಡು ಫೋನ್ ತೆಗೆಯುತ್ತಾಳೆ, ತನಗೆ ತಾನೇ ಹೇಳಿಕೊಳ್ಳುತ್ತಾಳೆ.

"ಒಂದೇ ನಿಮಿಷ. ಅಪ್ಪ ಈಗ ಡಿಪೋದಲ್ಲೇ ಇರ್ತಾರೆ. ಇವತ್ತು ಒಬ್ಬಳ ವರ್ಷ ಉಳೀತು ಅಂತ ಹೇಳಿಬಿಡ್ತೀನಿ."