ಅಳಿವೆಯ ಹಳೇ ಮಣ್ಣು

ಗಿರಿನಗರದ ಶುಭಾಗೆ ಶುಚಿಯ ಹುಚ್ಚು. ಬನಶಂಕರಿಯ ಪುಟ್ಟ ಖಾಸಗಿ ಲ್ಯಾಬೊಂದರಲ್ಲಿ ನೀರು, ಮಣ್ಣು ಪರೀಕ್ಷಿಸುವ ಅವಳು ಮೇಜಿನ ಮೇಲೆ ಒಂದು ಕಲೆ ಕಂಡರೂ ಊಟ ಬಿಟ್ಟು ಒರೆಸಲು ನಿಲ್ಲುವವಳು. ಲ್ಯಾಬಿನ ಯಜಮಾನ ಚಿದಾನಂದ್ ಎಲ್ಲರೆದುರು ಅದನ್ನೇ ಹೊಗಳುತ್ತಿದ್ದ. ಆ ಹೊಗಳಿಕೆಯೇ ಅವಳನ್ನು ಕೆಡಿಸಿತು ಅನ್ನಬೇಕು.

ಕರಾವಳಿಯ ನದಿಯೊಂದಕ್ಕೆ ಅಡ್ಡಲಾಗಿದ್ದ ಹಳೇ ಅಣೆಕಟ್ಟನ್ನು ಒಡೆಯುವುದಿತ್ತು. ಒಡೆದ ಮೇಲೆ ನದಿ ಕಡಲು ಸೇರುವ ಅಳಿವೆಯಲ್ಲಿ ಏನೇನು ಬದಲಾಗುತ್ತದೆಂದು ನೋಡುವ ಕೆಲಸ ಈ ಲ್ಯಾಬಿಗೆ ಬಂತು. ಒಡೆಯುವ ಮೊದಲೇ ಶುಭಾ ಹೋಗಿ ಮಣ್ಣು ತಂದಳು. ಅಲ್ಲಿ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕಿ ಬದುಕುವ ಗುಲಾಬಿಯಕ್ಕ ಸೊಂಟದವರೆಗೆ ನೀರಿನಲ್ಲಿ ನಿಂತು, ಚಿಪ್ಪು ಚೆನ್ನಾಗಿ ಸಿಗುವ ಜಾಗದ ಮಣ್ಣನ್ನೇ ಎತ್ತಿಕೊಟ್ಟಿದ್ದಳು. ಹಳೇ ಮಣ್ಣು, ಹೊಸ ಮಣ್ಣು ಎರಡನ್ನೂ ಒಟ್ಟಿಗೇ ಒಂದೇ ಯಂತ್ರದಲ್ಲಿ ಪರೀಕ್ಷಿಸಬೇಕು. ಅದಕ್ಕೇ ಹಳೆಯದು ಲ್ಯಾಬಿನ ಫ್ರಿಜ್ಜಿನಲ್ಲಿ ಹಾಗೇ ಉಳಿಯಿತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಎಲ್ಲರೂ ಸೇರಿ ತೊಳೆದದ್ದೇ ತೊಳೆದದ್ದು. ಶುಭಾ ಫ್ರಿಜ್ಜಿಗೂ ಕೈಹಾಕಿದಳು. ತೇವಕ್ಕೆ ಚೀಟಿ ಕಳಚಿಬಿದ್ದ ಬಾಟಲಿಗಳು ಕಂಡವು. ಯಾವುದೋ ಹಳೇ ಕೆಸರು, ಹಬ್ಬದ ದಿನ ಇದ್ಯಾಕೆ ಎಂದುಕೊಂಡು ಬಾಗಿಲ ಬಳಿಯ ದಾಸವಾಳದ ಕುಂಡಕ್ಕೆ ಸುರಿದು, ಬಾಟಲಿಗಳನ್ನು ಫಳಫಳ ಹೊಳೆಯುವಂತೆ ತೊಳೆದು, ಯಂತ್ರಗಳಿಗೆಲ್ಲ ಕುಂಕುಮ ಇಟ್ಟಳು. ಚಿದಾನಂದ್‌ನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಅಣೆಕಟ್ಟು ಒಡೆದರು. ಮರುವರ್ಷದ ಮಳೆಗಾಲ ಮುಗಿಯುವಷ್ಟರಲ್ಲಿ ಅಳಿವೆಗೆ ಕಪ್ಪು ಹೂಳು ತುಂಬಿ ಮರುವಾಯಿ ಸತ್ತವು. ಹೂಳು ಮೊದಲಿಂದಲೂ ಅಲ್ಲೇ ಇತ್ತು ಎಂದು ಅಣೆಕಟ್ಟು ಒಡೆದ ಗುತ್ತಿಗೆದಾರರು ಸಾಧಿಸತೊಡಗಿದರು. ಲ್ಯಾಬಿಗೆ ಹೊಸ ಮಣ್ಣು ಬಂದ ದಿನ ಹಳೆಯದನ್ನು ಹುಡುಕಿದ ಶುಭಾಗೆ ಹಬ್ಬದ ದಿನ ತೊಳೆದ ಬಾಟಲಿಗಳು ನೆನಪಾದವು. ಕುಂಡವನ್ನು ಕೆದಕಿ ನೋಡಿದಳು. ಗೊಬ್ಬರ, ಕೆಂಪುಮಣ್ಣು ಎಲ್ಲ ಬೆರೆತು ಅದು ಯಾವ ಪರೀಕ್ಷೆಗೂ ಬಾರದಂತಾಗಿತ್ತು.

ಮರುದಿನ ಗುಲಾಬಿಯಕ್ಕನ ಫೋನ್ ಬಂತು. ಗುತ್ತಿಗೆದಾರರ ಮಾತನ್ನೆಲ್ಲ ಹೇಳಿ, ಕೊನೆಗೆ ನೆಮ್ಮದಿಯಿಂದಲೇ ಅಂದಳು: "ಹಳೇ ಮಣ್ಣು ನಿಮ್ಮ ಹತ್ರ ಉಂಟಲ್ಲ ಮೇಡಂ, ನಮಗೆ ಹೆದರಿಕೆ ಇಲ್ಲ."

ಶುಭಾಗೆ ಸುಳ್ಳು ಹೇಳಲಾಗಲಿಲ್ಲ. "ಇಲ್ಲ ಅಕ್ಕ. ಹಬ್ಬಕ್ಕೆ ಕ್ಲೀನ್ ಮಾಡೋವಾಗ ನಾನೇ ಗಿಡದ ಕುಂಡಕ್ಕೆ ಸುರಿದ್ಬಿಟ್ಟೆ. ಯಾವ್ದೋ ಕೆಸರು ಅಂದ್ಕೊಂಡೆ."

ಗುಲಾಬಿಯಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಶುಭಾಗೆ. ಅವಳು ಕೇಳಿದ್ದು ಇಷ್ಟೇ: "ಗಿಡ ಬದುಕಿತಾ?"

"ಇಲ್ಲ ಅಕ್ಕ. ಉಪ್ಪಿಗೆ ಒಣಗಿಹೋಯ್ತು."

"ಹಾಗಾದ್ರೆ ಅದು ನಮ್ಮ ಅಳಿವೆಯದ್ದೇ," ಎಂದು ಗುಲಾಬಿಯಕ್ಕ ಫೋನ್ ಇಟ್ಟಳು.