ಹೊಗೆಯಿಲ್ಲದ ಮನೆ

ಭೂಮಿಯನ್ನು ಉಳಿಸಲು ನಾವು ಹದಿನೈದು ಜನ ತಿಂಗಳಿಗೊಮ್ಮೆ ಕಡೂರಿನಲ್ಲಿ ಸೇರುತ್ತಿದ್ದೆವು. ಜಾಗ, ನಮ್ಮಲ್ಲೇ ಒಬ್ಬರ ಕಲ್ಯಾಣ ಮಂಟಪದ ಊಟದ ಹಾಲ್. ಹದಿನೈದು ಜನಕ್ಕೆ ಹನ್ನೊಂದು ಕಾರು ಬಂದು ನಿಲ್ಲುತ್ತಿದ್ದವು. ಉಳಿದ ನಾಲ್ವರಲ್ಲಿ ಇಬ್ಬರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಒಬ್ಬರ ಮನೆ ಮಂಟಪದ ಎದುರಿಗೇ ಇತ್ತು. ನಾಲ್ಕನೆಯವನು ನಾನು. ಸ್ಕೂಟರಿನಲ್ಲಿ ಹೋಗುತ್ತಿದ್ದೆ, ಅದೇ ಒಂದು ತಪಸ್ಸು ಎಂಬಂತೆ ಹೆಲ್ಮೆಟ್ಟನ್ನು ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲೆ ಇಡುತ್ತಿದ್ದೆ.

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ನಿವೃತ್ತ ಮೇಷ್ಟ್ರಿಗೆ ತನ್ನ ಮಾತು ಕೇಳುವವರು ಬೇಕು. ಮನೆಯಲ್ಲಿ ಅಂಥವರು ಸಿಗುವುದಿಲ್ಲ. ಈ ಬಳಗದಲ್ಲಿ ಸಿಕ್ಕಿದರು. ಇಂಗಾಲ ಅಂದರೇನು, ಭೂಮಿ ಯಾಕೆ ಕಾಯುತ್ತದೆ ಎಂದು ನಾನು ಬೋರ್ಡಿನ ಮೇಲೆ ಬರೆದರೆ ಎಲ್ಲರೂ ತಲೆಯಾಡಿಸುತ್ತಿದ್ದರು. ತಲೆ ಆಡುತ್ತಿದ್ದುದು ಅಡುಗೆಮನೆಯಿಂದ ಬರುವ ಉದ್ದಿನ ವಡೆಯ ವಾಸನೆಗೆ ಎಂದು ಗೊತ್ತಿದ್ದರೂ ನನಗೆ ಸುಖವಾಗುತ್ತಿತ್ತು.

ಒಂದು ಸಭೆಯಲ್ಲಿ, ಬರೀ ಮಾತು ಸಾಕು, ಪ್ರತಿಯೊಬ್ಬರೂ ಏನಾದರೂ ಬಿಡಬೇಕು ಎಂದು ತೀರ್ಮಾನವಾಯಿತು. ಅದಕ್ಕೊಂದು ಕೆಂಪು ರಟ್ಟಿನ ಪುಸ್ತಕ ಬಂತು. ಪೆಟ್ರೋಲ್ ಬಂಕ್ ಇಟ್ಟಿದ್ದವರು ಪ್ಲಾಸ್ಟಿಕ್ ಬ್ರಷ್ ಬಿಟ್ಟು ಬೇವಿನ ಕಡ್ಡಿ ಹಿಡಿಯುವುದಾಗಿ ಬರೆದರು. ತರೀಕೆರೆಯಿಂದ ಬರುತ್ತಿದ್ದ ಜಲ್ಲಿ ಕ್ರಷರ್ ಮಾಲೀಕರು ಸೋಮವಾರ ಮಾಂಸ ಬಿಟ್ಟರು. ಅವರ ಮನೆಯಲ್ಲಿ ಸೋಮವಾರ ಅವರ ತಾತನ ಕಾಲದಿಂದಲೂ ಮಾಂಸ ಬೇಯುತ್ತಿರಲಿಲ್ಲ. ಬಟ್ಟೆ ಅಂಗಡಿಯವರು ಮಲಗುವ ಕೋಣೆಯ ಎ.ಸಿ. ಬಿಟ್ಟರು. ಅದು ಡಿಸೆಂಬರ್ ತಿಂಗಳು. ಇವರನ್ನೆಲ್ಲ ನಾನು ಮನಸ್ಸಿನಲ್ಲೇ ಉಗಿದು, ಭಾನುವಾರ ಸ್ಕೂಟರ್ ಮುಟ್ಟುವುದಿಲ್ಲ ಎಂದು ಬರೆದೆ. ಭಾನುವಾರ ನಾನು ಎಲ್ಲಿಗೂ ಹೋಗುತ್ತಿರಲಿಲ್ಲ.

ಪುಸ್ತಕದಲ್ಲಿ ಎರಡನೆಯ ಕಾಲಂ ಒಂದಿತ್ತು. ಪ್ರತಿ ಸದಸ್ಯನೂ ಇನ್ನೊಂದು ಮನೆಯವರಿಂದ ಏನಾದರೂ ದೊಡ್ಡದನ್ನು ಬಿಡಿಸಬೇಕು. ಈ ಕಾಲಂ ತುಂಬುವಾಗ ಯಾರೂ ತಮಗಿಂತ ಮೇಲಿನವರ ಕಡೆ ನೋಡಲಿಲ್ಲ. ಕ್ರಷರಿನವರಿಗೆ ಕ್ರಷರ್ ನಿಲ್ಲಿಸಿ ಎಂದು ಹೇಳುವುದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ವಡೆ ಅವರ ಖರ್ಚಿನದು. ಬಂಕಿನವರು ತಮ್ಮ ಮನೆ ಪಾತ್ರೆ ತೊಳೆಯುವ ಹೆಂಗಸಿನ ಮನೆ ಬರೆದರು. ಬಟ್ಟೆ ಅಂಗಡಿಯವರು ತಮ್ಮ ದರ್ಜಿಯ ಮನೆ ಬರೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ನಾವು ಭೂಮಿಯ ಜ್ವರಕ್ಕೆ ಎಮ್ಮೆ ಹುಡುಕುತ್ತಿದ್ದೆವು. ನಾನು ನನ್ನ ಅಕ್ಕನ ಮನೆಯ ಸೌದೆ ಒಲೆ ಎಂದು ಬರೆದೆ. ಅವಳು ನನ್ನ ಮಾತು ತೆಗೆದುಹಾಕುವವಳಲ್ಲ. ನಾನು ಅವಳನ್ನು ಆರಿಸಿದ್ದಕ್ಕೆ ಇದ್ದ ಕಾರಣ ಇದೊಂದೇ.

ಅಕ್ಕನ ಮನೆ ಸಿಂಗಟಗೆರೆಯ ಹತ್ತಿರದ ಒಂದು ಹಳ್ಳಿಯಲ್ಲಿ. ಭಾವ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ಮಕ್ಕಳಿಲ್ಲ. ಇದ್ದದ್ದು ಒಂದು ಚಿಕ್ಕ ತೆಂಗಿನ ತೋಟ, ಒಂದು ಹೆಂಚಿನ ಮನೆ, ಆ ಮನೆಯ ನಡುವೆ ಒಂದು ಅಟ್ಟ. ಭಾವನ ತಿಥಿ ಮುಗಿದ ದಿನವೇ ನಾನು, ಕಡೂರಿಗೆ ಬಂದು ನಮ್ಮ ಜೊತೆ ಇದ್ದುಬಿಡು ಅಂದಿದ್ದೆ. ಅವಳು ಅಟ್ಟದ ಕಡೆ ಕೈ ತೋರಿಸಿದ್ದಳು.

"ಅಟ್ಟದ್ ಮೇಲೆ ಕಾಯಿ ಇರೋವರ್ಗೂ ನಾನು ಯಾರ್ ಮನೆ ಬಾಗ್ಲಿಗೂ ಬರಲ್ಲ ಕಣೋ. ಅಪ್ಪನ್ ಮನೆಗೂ ಅಷ್ಟೇ, ತಮ್ಮನ್ ಮನೆಗೂ ಅಷ್ಟೇ."

ನಮ್ಮ ಕಡೆ ಕೊಬ್ಬರಿಯನ್ನು ಬಿಸಿಲಿಗೆ ಹರಡಿ ಮಾಡುವುದಿಲ್ಲ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಮರೆತುಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ಕಾಯಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಮಳೆಗಾಲದಲ್ಲಿ ಮಾತ್ರ ಮರೆಯುವಂತಿಲ್ಲ. ಅಟ್ಟದ ಕೆಳಗೇ ಒಲೆ ಇರುತ್ತದೆ. ಅದಕ್ಕೆ ಉದುರಿದ ಗರಿ, ಸುಲಿದ ಮಟ್ಟೆ ಹಾಕಿ ಸಂಜೆ ಹೊತ್ತು ಹೊಗೆ ಕೊಡಬೇಕು. ಆ ಒಲೆಯಲ್ಲೇ ಮುದ್ದೆ ಬೇಯುತ್ತದೆ, ಸ್ನಾನದ ನೀರೂ ಕಾಯುತ್ತದೆ.

ಅಜ್ಜಂಪುರದ ಕಡೆ ನಾವು ಹುಟ್ಟಿ ಬೆಳೆದ ಮನೆಯಲ್ಲೂ ಇಂಥದ್ದೇ ಅಟ್ಟವಿತ್ತು. ಮಳೆ ಹಿಡಿದ ಸಂಜೆಗಳಲ್ಲಿ ಅಮ್ಮ ಹಸಿ ಮಟ್ಟೆ ತುರುಕಿ ಮನೆಯನ್ನೆಲ್ಲ ಹೊಗೆ ಮಾಡುತ್ತಿದ್ದಳು. ನಾನು ಕಣ್ಣು ಉಜ್ಜಿಕೊಳ್ಳುತ್ತ ಓದಬೇಕಾಗಿತ್ತು. ಸ್ಕೂಲಿನಲ್ಲಿ ನನ್ನ ಅಂಗಿ ಮೂಸಿ ಹುಡುಗರು ನಗುತ್ತಿದ್ದರು. ನನಗೆ ಆ ಒಲೆಯ ಮೇಲಿದ್ದದ್ದು ಬರೀ ಹಳೆಯ ದ್ವೇಷ. ಅದನ್ನು ಭೂಮಿಯ ಮೇಲಿನ ಪ್ರೀತಿ ಎಂದು ಕರೆಯಲು ಬಳಗ ಒಂದು ಅವಕಾಶ ಕೊಟ್ಟಿತು, ಅಷ್ಟೆ.

ನಾನು ಹೋಗಿ ವಿಷಯ ಹೇಳಿದಾಗ ಅಕ್ಕ ನಕ್ಕಳು.

"ಉದುರಿದ್ ಗರಿ ಕಣೋ. ಅದನ್ನ ಉರಿಸ್ದೆ ಏನ್ ಮಾಡ್ಲಿ, ತಲೆ ಮೇಲೆ ಹೊತ್ಕೊಂಡ್ ತಿರುಗ್ಲಾ?"

"ಗ್ಯಾಸ್ ಇದೆಯಲ್ಲಕ್ಕ. ನೀರಿಗೆ ಕರೆಂಟ್ ಕಾಯಿಲ್ ತಂದ್ಕೊಡ್ತೀನಿ."

"ಗ್ಯಾಸ್ ಎಲ್ಲಿಂದ ಬರುತ್ತೆ?"

"ಭೂಮಿ ಒಳಗಿಂದ."

"ಕರೆಂಟು?"

ಕಲ್ಲಿದ್ದಲು ಸುಟ್ಟೂ ಕರೆಂಟು ಮಾಡುತ್ತಾರೆ ಎಂದು ಮೂವತ್ತು ವರ್ಷ ಪಾಠ ಮಾಡಿದವನು ನಾನು. ಆದರೂ ಅದೆಲ್ಲ ನಿನಗೆ ಅರ್ಥ ಆಗಲ್ಲ ಅಂದೆ. ಉತ್ತರ ಗೊತ್ತಿದ್ದೂ ಹೇಳಲು ಇಷ್ಟವಿಲ್ಲದಾಗ ಮೇಷ್ಟ್ರುಗಳು ಹೇಳುವ ಮಾತು ಅದು. ಮರ ಈ ವರ್ಷ ಗಾಳಿಯಿಂದ ತೆಗೆದುಕೊಂಡದ್ದನ್ನು ಅವಳು ಮುಂದಿನ ವರ್ಷ ಗಾಳಿಗೇ ಬಿಡುತ್ತಿದ್ದಳು, ಆ ಮರ ಮತ್ತೆ ಅದನ್ನು ಹೀರಿಕೊಳ್ಳುತ್ತಿತ್ತು. ಇದನ್ನು ಎಂಟನೇ ಕ್ಲಾಸಿಗೆ ನಾನೇ ಚಿತ್ರ ಬರೆದು ತೋರಿಸಿದ್ದೇನೆ. ಪರೀಕ್ಷೆಯಲ್ಲಿ ತಪ್ಪು ಬರೆದವರಿಗೆ ಸೊನ್ನೆ ಕೊಟ್ಟಿದ್ದೇನೆ.

"ಅಟ್ಟದ್ ಕಾಯಿಗೆ ಹೊಗೆ ಬೇಡ್ವೇನೋ?" ಅಂದಳು.

"ಕಾಯಿ ತಾನಾಗೇ ಒಣಗುತ್ತೆ. ಹೊಗೆ ಅನ್ನೋದೆಲ್ಲ ಅಮ್ಮನ ಕಾಲದ ಮೂಢನಂಬಿಕೆ. ನಿನ್ ಕೆಮ್ಮಾದ್ರೂ ನಿಲ್ಲುತ್ತೆ."

ಕೆಮ್ಮು ಅಂದದ್ದಕ್ಕೆ ಅವಳು ಸೋತಳು. ತಮ್ಮನಿಗೆ ನನ್ನ ಎದೆಯ ಚಿಂತೆ ಇದೆ ಅಂದುಕೊಂಡಳು. ಆಮೇಲೆ ಅವಳ ಕೆಮ್ಮು ಕಡಿಮೆಯಾದದ್ದೂ ನಿಜ, ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ಆದರೆ ಅದಕ್ಕೆ, ಮುದ್ದೆ ಬೇಯಿಸುವ ಒಲೆಯನ್ನು ಹಿತ್ತಲಿಗೆ ಹಾಕಿಕೊಟ್ಟು, ಅಟ್ಟದ ಕೆಳಗಿನದನ್ನು ಮಳೆಗಾಲದ ಸಂಜೆಗಳಿಗೆ ಬಿಟ್ಟಿದ್ದರೆ ಸಾಕಿತ್ತು. ಹಾಗೆ ಸರಿಸಿದ ಒಲೆಯನ್ನು ಕೆಂಪು ಪುಸ್ತಕದಲ್ಲಿ ಬರೆಯಲು ಬರುವುದಿಲ್ಲ.

ಒಲೆ ಒಡೆಯುವುದನ್ನು ನೋಡಲು ಬಳಗ ಮೂರು ಕಾರಿನಲ್ಲಿ ಬಂತು. ಜೊತೆಗೆ ಒಂದು ಫ್ಲೆಕ್ಸ್ ಬ್ಯಾನರ್. ಅದರಲ್ಲಿ ಹಸಿರು ಭೂಮಿಯ ಗೋಲ, ಅದರ ಪಕ್ಕ ಅಷ್ಟೇ ದೊಡ್ಡದಾಗಿ ನನ್ನ ಮುಖ, ಕೆಳಗೆ 'ಹೊಗೆಯಿಲ್ಲದ ಮನೆ' ಎಂಬ ಅಕ್ಷರ. ಅಕ್ಕನ ಚಿತ್ರ ಅದರಲ್ಲಿರಲಿಲ್ಲ. ನಾನೇ ಹಾರೆ ತೆಗೆದುಕೊಂಡು ಮೂರೇಟಿಗೆ ಮಣ್ಣಿನ ಒಲೆ ಕೆಡವಿದೆ. ಮೂರನೆಯ ಏಟು ಫೋಟೋದಲ್ಲಿ ಸರಿಯಾಗಿ ಬರಲಿಲ್ಲವೆಂದು, ಬಿದ್ದುಹೋದ ಒಲೆಯ ಮೇಲೆ ನಾಲ್ಕನೆಯ ಸಲ ಹಾರೆ ಎತ್ತಿ ನಿಂತೆ. ಆ ಜಾಗದಲ್ಲಿ ಒಂದು ಹೂವಿನ ಕುಂಡ ಇಟ್ಟರು. ಬೆಳಕೇ ಬೀಳದ ಜಾಗವದು, ಗಿಡ ಎಂಟು ದಿನಕ್ಕೆ ಸತ್ತಿತು. ಅಕ್ಕ, ಇನ್ನು ಸೌದೆ ಒಲೆ ಹಚ್ಚುವುದಿಲ್ಲ ಎಂದು ಎಲ್ಲರೆದುರು ಮಾತು ಕೊಟ್ಟು, ಗ್ಯಾಸಿನ ಮೇಲೆ ಎಲ್ಲರಿಗೂ ಕಾಫಿ ಮಾಡಿದಳು. ಎರಡನೇ ಸಲ ಕಾಫಿ ಕೇಳಿದವರು ಕ್ರಷರ್ ಮಾಲೀಕರು. ಹೋಗುವಾಗ ಅವರು, "ನೀವೇ ನಮ್ಗೆಲ್ಲ ಮಾದರಿ ಕಣಮ್ಮ" ಅಂದರು. ಅಕ್ಕ ನನ್ನ ಮುಖ ನೋಡಿದಳು. ನಾನು ಫ್ಲೆಕ್ಸಿನ ನನ್ನ ಮುಖ ನೋಡುತ್ತಿದ್ದೆ.

ಆ ವರ್ಷ ಮಳೆ ತಪ್ಪು ತಿಂಗಳಲ್ಲಿ ಬಂತು, ಬಂದದ್ದು ಹೋಗಲಿಲ್ಲ. ನಮ್ಮ ಸೀಮೆಯಲ್ಲಿ ಮೋಡ ಕಂಡರೆ ಸಾಕು ಸಂತೋಷಪಡುತ್ತೇವೆ. ಈ ಸಲ ಗೋಡೆಗಳು ಬೆವರಿದವು, ಒಗೆದ ಬಟ್ಟೆ ವಾರಗಟ್ಟಲೆ ಒಣಗಲಿಲ್ಲ. ಭೂಮಿ ಕಾದರೆ ಮಳೆಯ ಲೆಕ್ಕ ತಪ್ಪುತ್ತದೆ ಎಂದು ನಾನು ಸಭೆಯಲ್ಲಿ ಬೋರ್ಡಿನ ಮೇಲೆ ಬರೆದೆ. ಸರಿಯಾಗಿಯೇ ಬರೆದೆ. ಅಂಥ ಮಳೆಗೆ ಅಕ್ಕನ ಹತ್ತಿರ ಇದ್ದ ಮದ್ದು ಆ ಒಲೆಯೊಂದೇ ಎಂಬುದು ಸೀಮೆಸುಣ್ಣ ಹಿಡಿದಿದ್ದಾಗ ನನ್ನ ತಲೆಗೆ ಬರಲೇ ಇಲ್ಲ.

ಎರಡು ತಿಂಗಳು ನಾನು ಆ ಕಡೆ ಹೋಗಲಿಲ್ಲ. ಕೊನೆಗೆ ಒಂದು ಭಾನುವಾರ ಹೋದೆ, ಪ್ರತಿಜ್ಞೆ ಪ್ರಕಾರ ಬಸ್ಸಿನಲ್ಲಿ. ಬಾಗಿಲಲ್ಲೇ ಕೊಳೆತ ವಾಸನೆ ಹೊಡೆಯಿತು. ಅಕ್ಕ ನಡುಮನೆಯಲ್ಲಿ ಕೂತು ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಗಡಗಡ ಅಂದವು ಒಂದು ಬುಟ್ಟಿಗೂ ತುಂಬಿರಲಿಲ್ಲ. ಉಳಿದವು ಗುಳುಗುಳು ಅನ್ನುತ್ತಿದ್ದವು, ಕೆಲವು ಏನೂ ಅನ್ನುತ್ತಿರಲಿಲ್ಲ. ಒಡೆದದ್ದರಲ್ಲಿ ಕಪ್ಪು ಬೂಷ್ಟು ಕಟ್ಟಿತ್ತು. ಅಟ್ಟದಿಂದ ತೊಟ್ಟಿಕ್ಕುವ ಕೊಳೆ ನೀರು ನೆಲಕ್ಕೆ ಬೀಳದಿರಲೆಂದು ಆ ಫ್ಲೆಕ್ಸ್ ಹಾಸಿದ್ದಳು. ಅದರಲ್ಲಿದ್ದ ನನ್ನ ಹಣೆಯ ಮೇಲೆ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು.

"ಫೋನ್ ಮಾಡ್ಬಾರ್ದಿತ್ತಾ ಅಕ್ಕ?"

"ಮಾಡಿದ್ರೆ ಏನ್ ಮಾಡ್ತಿದ್ದೆ? ಒಣಗ್ಸಕ್ಕೆ ನಿನ್ ಹತ್ರ ಏನಿದೆ?"

"ಒಂದ್ ಒಲೆ ಹಾಕಿಸ್ತೀನಿ ಈಗ್ಲೇ."

"ಕಾಯಿ ಹೋದ್ಮೇಲೆ ಹೊಗೆ ಯಾರಿಗೋ?" ಅಂದು ಇನ್ನೊಂದು ಕಾಯಿ ಎತ್ತಿ ಕಿವಿಗೆ ಹಿಡಿದಳು.

"ನನ್ನ ಮಾತು ಮೀರಿ ನೀನೇ ಹಚ್ಕೋಬಹುದಿತ್ತಲ್ಲ," ಅಂದುಬಿಟ್ಟೆ. ಇಷ್ಟು ನೀಚ ಮಾತನ್ನು ನಾನು ಜೀವನದಲ್ಲಿ ಬೇರೆ ಆಡಿಲ್ಲ.

ಅವಳಿಗೆ ಸಿಟ್ಟು ಬರಲಿಲ್ಲ. "ನಾಲ್ಕ್ ಜನದ್ ಎದ್ರಿಗೆ ಮಾತ್ ಕೊಟ್ಟಿದ್ನಲ್ಲೋ," ಅಂದಳು. "ನಿನ್ ಮರ್ಯಾದೆ ಅಂತ ಸುಮ್ನಿದ್ದೆ."

ಹದಿನೈದು ಜನ ಬರೆದ ಆ ಪುಸ್ತಕದಲ್ಲಿ, ಕಳೆದುಕೊಂಡೂ ಮಾತು ಉಳಿಸಿಕೊಂಡವಳು ಅಕ್ಕ ಒಬ್ಬಳೇ. ಅವಳಿಗೆ ಓದಲು ಬರೆಯಲು ಅಷ್ಟಾಗಿ ಬಾರದು.

ಕಾಯಿಯಷ್ಟೇ ಹೋಗಿದ್ದರೆ ಅವಳು ಹೇಗೋ ನಿಭಾಯಿಸುತ್ತಿದ್ದಳು. ಮರದಲ್ಲಿ ಮತ್ತೆ ಕಾಯಿ ಬರುತ್ತಿತ್ತು. ಆದರೆ ಆ ಹೊಗೆ ಕಾಯುತ್ತಿದ್ದುದು ಕಾಯನ್ನು ಮಾತ್ರವಲ್ಲ. ಹೊಗೆ ನಿಂತು, ಥಂಡಿ ಹಿಡಿದ ಮರಕ್ಕೆ ಗೆದ್ದಲು ಹತ್ತಿತು. ಮುಂದಿನ ಬೇಸಿಗೆಯ ಹೊತ್ತಿಗೆ ಅಟ್ಟದ ತೊಲೆಯನ್ನು ಬೆರಳಿನಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು, ಅಲ್ಲಿಂದ ಮೇಲಕ್ಕೆ ಹೆಂಚಿನ ಜಂತೆಗೂ ಹತ್ತಿತ್ತು. ಬಡಗಿ ಬಂದು ನೋಡಿ, ಇದರ ಕೆಳಗೆ ಮಲಗಬೇಡಿ ಅಂದ. ಅಟ್ಟ ಬಿಚ್ಚಿದರು. ಅಕ್ಕ ತೋಟವನ್ನು ಮೈದುನನ ಮಗನಿಗೆ ನೋಡಿಕೊಳ್ಳಲು ಬಿಟ್ಟು, ಮನೆಗೆ ಬೀಗ ಹಾಕಿ, ಒಂದು ಟ್ರಂಕಿನ ಜೊತೆ ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದಳು. ನಾನು ಸ್ಕೂಟರ್ ತೆಗೆದುಕೊಂಡು ಹೋಗಿ ಕರೆತಂದೆ. ಅಂದು ಭಾನುವಾರ.

ನನ್ನ ಮನೆಯಲ್ಲಿ ಅವಳಿಗೆ ಏನೂ ಕಡಿಮೆಯಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕೇಳದವರಿಗೂ ಹೇಳುತ್ತೇನೆ.

ಹೋದ ತಿಂಗಳು ಬಳಗದ ವಾರ್ಷಿಕ ಸಭೆ ಇತ್ತು. ಹೋಗಬಾರದು ಅಂದುಕೊಂಡೇ ಹೋದೆ. ಕಾರುಗಳು ಈಗ ಹದಿಮೂರು. ಕೆಂಪು ಪುಸ್ತಕ ತೆರೆದು ಒಬ್ಬೊಬ್ಬರನ್ನೇ ವಿಚಾರಿಸಿದರು. ಬೇವಿನ ಕಡ್ಡಿ ವಸಡಿಗೆ ಆಗಿಬರಲಿಲ್ಲವಂತೆ. ಎ.ಸಿ. ಡಾಕ್ಟರ ಸಲಹೆಯ ಮೇಲೆ ವಾಪಸ್ಸು ಬಂದಿತ್ತು. ದರ್ಜಿ ಮನೆ ಬದಲಾಯಿಸಿದ್ದ. ನನ್ನ ಸರದಿ ಬಂದಾಗ ಅಧ್ಯಕ್ಷತೆ ವಹಿಸಿದ್ದ ಕ್ರಷರ್ ಮಾಲೀಕರು ಕೇಳಿದರು.

"ಮೇಷ್ಟ್ರೇ, ಆ ಮನೇಲಿ ಈಗ್ಲೂ ಹೊಗೆ ಇಲ್ಲ ತಾನೇ?"

ಎದ್ದು ನಿಂತೆ. ಹೆಲ್ಮೆಟ್ ಮೇಜಿನ ಮೇಲಿತ್ತು.

"ಇಲ್ಲ," ಅಂದೆ. "ಸ್ವಲ್ಪವೂ ಇಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೆಯ ಕಾಲಂನಲ್ಲಿ ಪೂರ್ತಿ ನಡೆದದ್ದು ಇದೊಂದೇ ಎಂದು ನನಗೆ ಹಾರ ಹಾಕಿ, ಶಾಲು ಹೊದಿಸಿದರು. ನಾನು ಬೆನ್ನು ಬಗ್ಗಿಸಿ ಹೊದಿಸಿಕೊಂಡೆ.

ಮನೆಗೆ ಬಂದಾಗ ಸಂಜೆ ಕಾಫಿಯ ಹೊತ್ತು. ಅಕ್ಕ ಅಡುಗೆಮನೆಯಲ್ಲಿ ಪಾತ್ರೆಗೆ ಹಾಲು ಹಾಕಿ, ಒಲೆಯ ಮೇಲಿಟ್ಟು, ಲೈಟರ್ ಕೈಯಲ್ಲಿ ಹಿಡಿದು ನಿಂತಿದ್ದಳು. ಬಂದ ದಿನದಿಂದಲೂ ಅವಳು ಹೀಗೇ. ತಾನಾಗಿ ಒಂದು ದಿನವೂ ಹಚ್ಚಿದವಳಲ್ಲ. ನನ್ನ ಹೆಗಲ ಮೇಲಿನ ಶಾಲನ್ನು ನೋಡಿದಳು.

"ಒಲೆ ಹಚ್ಲೇನೋ?" ಅಂದಳು.