ಲಕ್ಕಮ್ಮನ ಮನೆಯ ಕೆಂಡ

ಎರಡನೆಯ ಮಹಾಯುದ್ಧ ಆರಂಭವಾದ ಮರುವರ್ಷ ನಾನು ಮೈಸೂರು ಸಂಸ್ಥಾನದ ನೌಕರಿಯಲ್ಲಿ ಖನಿಜ ಸರ್ವೆ ಅಸಿಸ್ಟೆಂಟ್ ಆಗಿದ್ದೆ. ಕ್ಯಾಂಪು ಮಧುಗಿರಿಯಲ್ಲಿ. ಹಗಲೆಲ್ಲ ಬಿಸಿಲಲ್ಲಿ ಕಲ್ಲು ಕುಟ್ಟಿ ನೋಡುವ ಕೆಲಸ. ಅದು ಸಾಲದೆಂದು ಮೇಲಧಿಕಾರಿಗಳು ಇನ್ನೊಂದನ್ನು ಅಂಟಿಸಿದರು: ಈ ಸೀಮೆಯ ಹಳೆಯ ಕಬ್ಬಿಣದ ಉದ್ಯಮದ ಬಗ್ಗೆ ಊರಿನ ಶಾಲೆಯಲ್ಲಿ ಸಾರ್ವಜನಿಕರಿಗೆ ಒಂದು ಭಾಷಣ. ಬರೀ ಮಾತಾಡಿದರೆ ಜನ ಆಕಳಿಸುತ್ತಾರೆ. ಇಲ್ಲಿಯ ಒಲೆಯಲ್ಲೇ ತೆಗೆದ ಕಬ್ಬಿಣದ ಒಂದು ಮುದ್ದೆಯನ್ನು ಮೇಜಿನ ಮೇಲಿಟ್ಟೇ ಮಾತಾಡಬೇಕೆಂದು ನನಗೆ ಹಟ ಹುಟ್ಟಿತು.

ಚನ್ನರಾಯನದುರ್ಗದ ತಪ್ಪಲಿನ ಒಂದು ಹಳ್ಳಿಗೆ ಹೋದೆ. ಊರಾಚೆ ಆಳೆತ್ತರದ ಕಿಟ್ಟದ ಗುಡ್ಡೆ ಬಿದ್ದಿತ್ತು. ಕಬ್ಬಿಣ ತೆಗೆದ ಮೇಲೆ ಉಳಿಯುವ ಕರಿಯ ಕಸಕ್ಕೆ ಕಿಟ್ಟ ಎನ್ನುತ್ತಾರೆ. ಇಲ್ಲಿ ಗಣಿ ಎಂಬುದೇ ಇರಲಿಲ್ಲ. ಮಳೆ ಹೊಯ್ದ ಮೇಲೆ ಹಳ್ಳದಲ್ಲಿ ನಿಲ್ಲುವ ಕರಿಮರಳೇ ಅದಿರು. ಹೆಂಗಸರು ಅದನ್ನು ತೊಳೆದು ತರುತ್ತಿದ್ದರು. ಗಂಡಸರು ಇದ್ದಿಲಿನ ಜೊತೆ ಮಣ್ಣಿನ ಒಲೆಗೆ ಸುರಿದು, ಚರ್ಮದ ತಿದಿಯಿಂದ ಗಾಳಿ ಊದುತ್ತಿದ್ದರು. ಇಂಥ ಒಲೆಗಳು ಆರಿದ್ದೇಕೆ ಎಂಬುದು ನಮ್ಮ ಇಲಾಖೆಯವರಿಗೆಲ್ಲ ಬಾಯಿಪಾಠ: ವಿಲಾಯಿತಿಯ ಅಗ್ಗದ ಕಬ್ಬಿಣ ಬಂತು, ಕಾಡು ಸವೆದು ಇದ್ದಿಲು ತುಟ್ಟಿಯಾಯಿತು. ಆದರೆ ಪಕ್ಕದೂರಿನ ಒಲೆಗಳು ಆಮೇಲೂ ಎಷ್ಟೋ ವರ್ಷ ಉರಿದಿದ್ದವು. ಅದೇ ಹಳ್ಳ, ಅದೇ ಕಾಡು. ಈ ಊರಿನದು ಮಾತ್ರ ಮೊದಲೇ ಏಕೆ ಆರಿತು? ಈ ಪ್ರಶ್ನೆ ನನ್ನ ತಲೆಯೊಳಗೆ ಹುಳ ಬಿಟ್ಟಿತು.

ಒಲೆಯ ಯಜಮಾನನಾಗಿದ್ದ ಗಿರಿಯಪ್ಪ ಇನ್ನೂ ಗಟ್ಟಿಯಾಗಿದ್ದ. ಒಮ್ಮೆ ಹಚ್ಚಿ ತೋರಿಸುತ್ತೀಯಾ ಎಂದದ್ದಕ್ಕೆ ಮುದುಕನ ಮುಖ ಅರಳಿತು. ಹಳೇ ಒಲೆಗೆ ಮಣ್ಣು ಮೆತ್ತಿಸಿದ, ತಿದಿ ಹೊಲಿಸಿದ, ಕರಿಮರಳು ತರಿಸಿದ. ಎಲ್ಲ ಸಿದ್ಧವಾದ ಬೆಳಗ್ಗೆ ನಾನು ಉತ್ಸಾಹದಿಂದ ಬೆಂಕಿಪೆಟ್ಟಿಗೆ ಚಾಚಿದೆ. ಅವನು ಹಾವು ಕಂಡವನಂತೆ ಕೈ ಹಿಂದೆಗೆದ.

"ಇದ್ಕೆ ಕಡ್ಡಿ ಗೀರಂಗಿಲ್ಲ ಬುದ್ಧಿ. ಊರಿನ್ ಪ್ರತಿ ಮನೆ ಒಲೆಯಿಂದ್ಲೂ ಒಂದೊಂದ್ ಕೆಂಡ ಬರ್ಬೇಕು. ಒಂದ್ ಮನೇದು ತಪ್ಪಿದ್ರೂ ಹಚ್ಚಂಗಿಲ್ಲ."

"ತರಿಸೋಣ. ಅದೇನು ಮಹಾ ಕಷ್ಟ?"

ಅವನು ನೆಲ ನೋಡಿದ. "ಲಕ್ಕಮ್ಮನ ಮನೇದು ಬರಾಕಿಲ್ಲ."

ಆಮೇಲೆ ಅವನೇ ಎಲ್ಲವನ್ನೂ ಹೇಳಿದ. ಲಕ್ಕಮ್ಮನ ಗಂಡ ಗಿರಿಯಪ್ಪನ ಒಲೆಯಲ್ಲಿ ತಿದಿ ಊದುತ್ತಿದ್ದ. ಒಂದು ದಿನ ಒಲೆಯ ಮಗ್ಗುಲು ಬಿರಿದು, ಕಾದ ಕಿಟ್ಟ ಅವನ ಕಾಲ ಮೇಲೆ ಹರಿಯಿತು. ಹಚ್ಚಿದ ಒಲೆಯನ್ನು ಕಬ್ಬಿಣದ ಮುದ್ದೆ ಕೂಡುವ ಮುಂಚೆ ನಿಲ್ಲಿಸುವಂತಿಲ್ಲ. ಗಾಳಿ ನಿಂತರೆ ಒಳಗಿನದೆಲ್ಲ ಕಲ್ಲಾಗಿಬಿಡುತ್ತದೆ. ಗಿರಿಯಪ್ಪ ಬಿರುಕಿಗೆ ಮಣ್ಣು ಮೆತ್ತಿಸಿ, ಸುಟ್ಟವನನ್ನು ನೆರಳಲ್ಲಿ ಮಲಗಿಸಿ, ಬೇರೊಬ್ಬನನ್ನು ತಿದಿಗೆ ಕೂರಿಸಿದ. ಮುದ್ದೆ ತೆಗೆದ ಮೇಲೆಯೇ ಅವನನ್ನು ಆಸ್ಪತ್ರೆಗೆ ಒಯ್ಯಲು ಗಾಡಿ ಕಟ್ಟಿದರು. ಆತ ಉಳಿಯಲಿಲ್ಲ. ಮರುವರ್ಷ ಮಳೆ ಕಳೆದು ಒಲೆ ಹಚ್ಚುವಾಗ ಕೆಂಡ ಕೇಳಲು ಬಂದವರ ಮುಂದೆ ಲಕ್ಕಮ್ಮ ತನ್ನ ಒಲೆಗೆ ನೀರು ಸುರಿದಳು. ಅಂದಿನಿಂದ ಊರಿನ ಒಲೆ ಆರಿತು. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಆದರೆ ಸಂತೋಷವಾಗಲಿಲ್ಲ.

ನಾನೇ ಹೋಗಿ ಅವಳನ್ನು ಕೇಳಿದೆ. ರಾಗಿ ಕೇರುತ್ತಿದ್ದ ಮುದುಕಿ ಮೊರ ನಿಲ್ಲಿಸಲೂ ಇಲ್ಲ. "ಕೆಂಡ ಬೇಕಾಗಿರೋದು ನಿಮ್ಗಾ, ಅವನ್ಗಾ? ಬೇಕಾದೋನು ಬರ್ಲಿ ಬುಡಿ ಬುದ್ಧಿ."

ಗಿರಿಯಪ್ಪನಿಗೆ ಹೇಳಿದೆ. ಅವನು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ನನ್ನ ಹಿಂದೆಯೇ ಬಂದ, ಹೊಸಿಲಾಚೆ ನಿಂತ.

"ಅವತ್ತು ಒಲೆ ನಿಲ್ಲುಸ್ಬೇಕಾಗಿತ್ತು ಕಣಮ್ಮ."

"ಈ ಮಾತ್ ಆಡಾಕೆ ಇಷ್ಟ್ ವರ್ಷ ಬೇಕಾಯ್ತೇನಣ್ಣ?" ಎಂದಳು ಲಕ್ಕಮ್ಮ. ಒಳಗೆ ಹೋಗಿ, ಒಡೆದ ಮಡಕೆಯ ಚೂರಿನಲ್ಲಿ ಕೆಂಡ ತಂದು ಅವನ ಕೈಗಿಟ್ಟಳು.

ಒಲೆ ಹೊತ್ತಿತು. ಊರೇ ನೆರೆದಿತ್ತು, ಲಕ್ಕಮ್ಮನೂ ನೀರಿನ ಚೊಂಬು ಹಿಡಿದು ಬಂದು ಬೇವಿನ ಬುಡದಲ್ಲಿ ಕೂತಳು. ಮಧ್ಯಾಹ್ನ ಕಳೆಯುವಾಗ ಒಲೆಯ ಬಾಯಿಯ ಜ್ವಾಲೆ ಬಣ್ಣ ತಿರುಗಿಸಿತು. ಇನ್ನೇನು ಮುದ್ದೆ ಕೂಡುತ್ತಿದೆ ಎಂದು ಗಿರಿಯಪ್ಪ ನನಗೆ ಕಣ್ಸನ್ನೆ ಮಾಡಿದ. ಅಷ್ಟರಲ್ಲಿ ಮಗ್ಗುಲಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಕಿಡಿಯೊಂದು ಸಿಡಿದು ತಿದಿಯವನ ಪಾದದ ಮೇಲೆ ಬಿತ್ತು. ಅವನು ಕಾಲು ಕೊಡವಿ, ಏನಿಲ್ಲ ಏನಿಲ್ಲ ಎಂದು ನಗುತ್ತಾ ಊದುತ್ತಲೇ ಇದ್ದ.

"ನಿಲ್ಸ್ರಲಾ!" ಎಂದು ಗಿರಿಯಪ್ಪ ಕೂಗಿದ.

"ಮುದ್ದೆ ಹೋಯ್ತದಲ್ಲಣ್ಣ!" ಎಂದರು ಯಾರೋ.

"ಹೋಗ್ಲಿ ಬುಡ್ಲಾ," ಎನ್ನುತ್ತಾ ತಾನೇ ಮುನ್ನುಗ್ಗಿ ತಿದಿಯ ಕೊಳವೆ ಕಿತ್ತು ಎಸೆದ. ಜ್ವಾಲೆ ಕುಸಿಯಿತು. ಲಕ್ಕಮ್ಮ ಎದ್ದು ಬಂದು ಗಿರಿಯಪ್ಪನ ಮುಂದೆ ಚೊಂಬು ಚಾಚಿದಳು. "ಕುಡಿಯಣ್ಣ, ಬೆವ್ತೋಗಿದೀಯ."

ಮಧುಗಿರಿಯ ಭಾಷಣದ ದಿನ ನನ್ನ ಮೇಜಿನ ಮೇಲೆ ಕಬ್ಬಿಣ ಇರಲಿಲ್ಲ. ಅರೆಬೆಂದ ಕರಿಮರಳು, ಇದ್ದಿಲು, ಕಿಟ್ಟ ಎಲ್ಲ ಒಂದಕ್ಕೊಂದು ಅಂಟಿದ ಒಂದು ಗಂಟು ಇತ್ತು. ಮುಂದಿನ ಸಾಲಿನ ವಕೀಲರೊಬ್ಬರು, "ಇದು ಕೆಟ್ಟುಹೋದ ಮಾಲಲ್ಲವೇ?" ಎಂದರು. ಬೇಕೆಂದೇ ಕೆಡಿಸಿದ್ದು ಸ್ವಾಮಿ ಎಂದು ಹೇಳಿ ಕಥೆ ಶುರುಮಾಡಿದೆ. ಅವತ್ತು ಯಾರೂ ಆಕಳಿಸಲಿಲ್ಲ.

ಆಮೇಲೆ ನಿವೃತ್ತನಾಗುವವರೆಗೂ ಎಷ್ಟೋ ಹಾಳು ಗಣಿಗಳನ್ನೂ ಆರಿದ ಒಲೆಗಳನ್ನೂ ನೋಡಿದೆ. ಅದಿರು ಮುಗಿಯಿತೇ ಎಂದು ಕೇಳುವುದು ನನ್ನ ಕೆಲಸವಾಗಿತ್ತು, ಕೇಳುತ್ತಿದ್ದೆ. ಅದಕ್ಕಿಂತ ಮೊದಲು ಮಾತ್ರ, ಇಲ್ಲಿ ಯಾರಿಗೆ ಏಟಾಗಿತ್ತು, ಅವರ ಮನೆ ಯಾವುದು ಎಂದು ವಿಚಾರಿಸುತ್ತಿದ್ದೆ.